ಟ್ಯಾಂಕ್ ಗುಡ್ಡದ ಇಳಿಜಾರು

ಶಿಗ್ಗಾಂವದ ಟ್ಯಾಂಕ್ ಗುಡ್ಡದ ರಸ್ತೆಯಲ್ಲಿ ಆ ಮುಂಜಾನೆ ತನುಜಾ ಮತ್ತೆ ಬಿದ್ದಳು. ಈ ಸಲ ಬಿದ್ದದ್ದು ಸೊಂಟದ ಮೇಲೆ. ಕಾಲಡಿಯಿಂದ ತಪ್ಪಿಸಿಕೊಂಡ ಗಾಲಿಯ ಬೋರ್ಡು ತನ್ನಷ್ಟಕ್ಕೆ ತಾನು ಉರುಳಿ ಹೋಗಿ ಗಟಾರದ ಕಲ್ಲಿಗೆ ಬಡಿದು ನಿಂತಿತು. ತನುಜಾ ಏಳುವ ಮೊದಲು ಬಿದ್ದಲ್ಲಿಯೇ ಎರಡೂ ಕಾಲು ಮಡಿಸಿ ಬಿಡಿಸಿ ನೋಡಿಕೊಂಡಳು. ಸ್ವಲ್ಪ ದಿನಗಳಲ್ಲೇ ಆ ಕಾಲುಗಳು ಹಾವೇರಿಯ ಪೊಲೀಸ್ ಮೈದಾನದಲ್ಲಿ ಓಡಬೇಕಾಗಿತ್ತು.

"ಏಳಬ್ಯಾಡ, ಕೂಡು ಹಂಗ," ಎನ್ನುತ್ತ, ಅವಳಿಗೆ ಬೋರ್ಡು ಕಲಿಸುತ್ತಿದ್ದ ಶ್ರೀವಿದ್ಯಾ ಕೆಳಗಿನ ತಿರುವಿನಿಂದ ಓಡಿ ಬಂದಳು. "ಎಲ್ಲಿ ಬಡೀತು?"

"ಏನೂ ಆಗಿಲ್ರಿ ಅಕ್ಕಾರ."

"ಏನೂ ಆಗಿಲ್ಲಂದ್ರ ಕಣ್ಣಾಗ ನೀರು ಯಾಕ ಬಂದಾವ?"

ತನುಜಾ ತೋಳಿಗೆ ಕಣ್ಣು ಒರೆಸಿಕೊಂಡಳು. ನೋವಿಗಿಂತ ಹೆಚ್ಚಾಗಿ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂದಿತ್ತು. ಅವಳು ಬಿದ್ದದ್ದು ಜಾರಲು ಹೋಗಿ ಅಲ್ಲ, ಜಾರಲು ಹೆದರಿ.

ಗುಡ್ಡಕ್ಕೆ ಅವಳು ಮೊದಲು ಬಂದದ್ದು ಓಡಲಿಕ್ಕೆಂದು. ಪದವಿ ಮುಗಿಸಿ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ ಅರ್ಜಿ ಹಾಕಿ, ಬರೆಯುವ ಪರೀಕ್ಷೆಯಲ್ಲಿ ಪಾಸಾಗಿದ್ದಳು. ಓಟ, ಗುಂಡು ಎಸೆತದ ಪರೀಕ್ಷೆ ಬಾಕಿ ಇತ್ತು. ಎಪಿಎಂಸಿ ಯಾರ್ಡಿನಲ್ಲಿ ಗೋವಿನಜೋಳದ ದಲಾಲಿ ಅಂಗಡಿ ನಡೆಸುವ ಅಪ್ಪ ಶಂಕ್ರಪ್ಪನಿಗೆ ಮಗಳು ಪೊಲೀಸ್ ಆಗುವುದು ಮನಸ್ಸಿಗೆ ಬಂದಿರಲಿಲ್ಲ. "ಬಂದೋಬಸ್ತ್ ಅಂತ ಬಿಸಲಾಗ ಹಗಲೆಲ್ಲಾ ನಿಂದರಸ್ತಾರ. ಬ್ಯಾಂಕಿನ ಪರೀಕ್ಷೆ ಕಟ್ಟಲಿ ಬೇಕಾದ್ರ," ಎಂದಿದ್ದ. ಹಟ ಹಿಡಿದು ಅವನನ್ನು ಒಪ್ಪಿಸಿದವಳು ಅವ್ವ ಸರೋಜವ್ವ. "ಅಕಿ ಜವಾಬ್ದಾರಿ ನಂದು. ಏನರ ಹೆಚ್ಚುಕಮ್ಮಿ ಆತಂದ್ರ ನನ್ನ ಕೇಳ್ರಿ," ಎಂದು ರೊಟ್ಟಿ ಬಡಿಸುತ್ತಲೇ ಮಾತು ಮುಗಿಸಿಬಿಟ್ಟಿದ್ದಳು. ಅಂದಿನಿಂದ ದಿನಾಲು ನಸುಕಿನಲ್ಲಿ ಎದ್ದು ನೆನೆಸಿದ ಕಡಲೆ, ಬಿಸಿ ಹಾಲು ಕೊಟ್ಟು ಮಗಳನ್ನು ಗುಡ್ಡಕ್ಕೆ ಕಳಿಸುವುದು ಅವಳ ಕೆಲಸವಾಗಿತ್ತು.

ಊರಿಗೆ ನೀರು ಬಿಡುವ ಟ್ಯಾಂಕು ಗುಡ್ಡದ ನೆತ್ತಿಯಲ್ಲಿದೆ. ಅಲ್ಲಿಗೆ ಹೋಗುವ ರಸ್ತೆಗೆ ಹೋದ ವರ್ಷವಷ್ಟೇ ಹೊಸ ಡಾಂಬರು ಬಿದ್ದಿತ್ತು. ಎರಡೂ ಬದಿಯ ಹೊಲಗಳು ಪ್ಲಾಟ್ ಆಗಿ ಗಡಿಕಲ್ಲು ನೆಟ್ಟಿದ್ದರೂ ಮನೆಗಳಿನ್ನೂ ಎದ್ದಿರಲಿಲ್ಲ. ಹಾಗಾಗಿ ವಾಹನಗಳು ಅಪರೂಪ. ಮುಂಜಾನೆ ಅಲ್ಲಿ ಕೇಳುವುದು ದೂರದ ಹೈವೇಯ ಲಾರಿಗಳ ಸದ್ದು, ಇಲ್ಲವೇ ಆಡು ಮೇಯಿಸುವ ಮಾಬೂಬಿಯ ಕೂಗು.

ದೀಪಾವಳಿ ಕಳೆದ ಮೇಲೆ ಒಂದು ದಿನ ತನುಜಾ ಏರು ಹತ್ತಿ ಓಡುತ್ತಿದ್ದಾಗ, ಮೇಲಿನಿಂದ ಒಬ್ಬ ಹೆಂಗಸು ಗಾಲಿಯ ಹಲಗೆಯೊಂದರ ಮೇಲೆ ನಿಂತು ಇಳಿದು ಬರುತ್ತಿದ್ದಳು. ತಲೆಗೆ ಹೆಲ್ಮೆಟ್, ಕೈಗೆ ದಪ್ಪ ತೊಗಲಿನ ಗವಸು. ತಿರುವು ಹತ್ತಿರವಾದಾಗ ಆಕೆ ಒಮ್ಮೆಲೇ ಕುಕ್ಕರುಗಾಲಿನಲ್ಲಿ ಕುಳಿತು, ಎಡಗೈಯನ್ನು ಡಾಂಬರಿಗೆ ಒತ್ತಿ, ಹಲಗೆಯನ್ನು ರಸ್ತೆಗೆ ಅಡ್ಡ ತಿರುಗಿಸಿದಳು. ಸರ್ರೆಂದು ಬಟ್ಟೆ ಹರಿದ ಹಾಗೆ ಸದ್ದಾಯಿತು. ಅಷ್ಟು ವೇಗದಲ್ಲಿ ಬಂದದ್ದು ತನುಜಾಳಿಂದ ನಾಲ್ಕು ಮಾರು ದೂರದಲ್ಲಿ ಸುಮ್ಮನೆ ನಿಂತುಬಿಟ್ಟಿತು. ತನುಜಾ ಓಡುವುದನ್ನು ಮರೆತಳು.

ಆ ಹೆಂಗಸು ಶ್ರೀವಿದ್ಯಾ. ಸವಣೂರಿನ ಮಠದ ಓಣಿಯವಳು, ವಯಸ್ಸು ಮೂವತ್ತೈದರ ಆಚೀಚೆ. ಶಿಗ್ಗಾಂವದ ಬಸ್‌ಸ್ಟ್ಯಾಂಡಿನ ಹತ್ತಿರ ಹಲ್ಲಿನ ದವಾಖಾನೆ ಇಟ್ಟಿದ್ದಳು. ಮಂಗಳೂರಿನಲ್ಲಿ ಓದುವಾಗ ಸಮುದ್ರದ ದಂಡೆಯ ಗೆಳತಿಯರಿಂದ ಲಾಂಗ್‌ಬೋರ್ಡ್ ಎನ್ನುವ ಈ ಗಾಲಿ ಹಲಗೆಯ ಆಟ ಕಲಿತಿದ್ದಳು. ತನಗೂ ಕಲಿಸಿರೆಂದು ತನುಜಾ ಗಂಟುಬಿದ್ದಾಗ ಆಕೆ ಮೊದಲು ತನ್ನ ಮುಂದಿನ ಹಲ್ಲನ್ನು ಬೆರಳಿನಿಂದ ತೋರಿಸಿದಳು.

"ಇದು ನಂದಲ್ಲ, ಹಾಕಿಸಿಕೊಂಡದ್ದು. ನಿಂದರಲಿಕ್ಕೆ ಬರದ ಇಳದಿದ್ದೆ, ಅದಕ್ಕ. ನೀ ಕಲೀತೀ ಅಂದ್ರ ಒಂದ ಮಾತು. ಎಷ್ಟು ಎತ್ತರದಿಂದ ಬಂದ್ರ ನಿಂದರಲಿಕ್ಕೆ ಬರ್ತದೋ ಅಷ್ಟ ಎತ್ತರಕ್ಕ ಹತ್ತಬೇಕು. ಅದರಕಿಂತಾ ಒಂದು ಹೆಜ್ಜಿ ಮ್ಯಾಲ ಇಲ್ಲ."

ತನುಜಾ ಒಪ್ಪಿದಳು.

ಬೋರ್ಡಿನ ಮೇಲೆ ನಿಲ್ಲುವುದು, ಕಾಲಿನಿಂದ ನೂಕಿಕೊಂಡು ಹೋಗುವುದು, ಮೈ ವಾಲಿಸಿ ಆಚೀಚೆ ತಿರುಗುವುದು ಇವೆಲ್ಲ ಅವಳಿಗೆ ಬೇಗ ಬಂದವು. ನಿಧಾನಕ್ಕೆ ಇಳಿಯುವಾಗ ಒಂದು ಕಾಲು ಕೆಳಗೆ ಬಿಟ್ಟು ಬೂಟನ್ನು ಉಜ್ಜುತ್ತ ನಿಲ್ಲುವುದೂ ಬಂತು. ಬರದೇ ಇದ್ದದ್ದು ಜಾರುವುದು ಒಂದೇ.

"ಜೋರು ಆದ ಮ್ಯಾಲ ಕಾಲು ಕೆಳಗಿಟ್ಟರ ಕಾಲನ್ನ ಎಳಕೊಂಡು ಹೋಗ್ತದ," ಎಂದು ಶ್ರೀವಿದ್ಯಾ ಹೇಳಿದ್ದಳು. "ಆವಾಗ ಬೋರ್ಡನ್ನ ಅಡ್ಡ ಹೊಡೀಬೇಕು. ಗಾಲಿ ಉರುಳೋದು ಬಿಟ್ಟು ಜಾರಬೇಕು. ಜಾರಿದರ ವೇಗ ಸಾಯ್ತದ. ಆದರ ಅರ್ಧ ಮನಸ್ಸಿನಿಂದ ಮಾಡಿದಿ ಅಂದ್ರ ಗಾಲಿ ನೆಲಾ ಹಿಡಕೋತದ. ಬೋರ್ಡು ಅಲ್ಲೇ ನಿಂದರ್ತದ, ನೀ ಹಾರಿ ಹೋಗಿ ಬೀಳ್ತಿ."

ಅದಕ್ಕೆಂದೇ ಆಕೆ ತನುಜಾಳಿಗೂ ಒಂದು ಜೊತೆ ಗವಸು ಮಾಡಿಕೊಟ್ಟಿದ್ದಳು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ವೆಲ್ಡಿಂಗ್ ಗವಸಿನ ಅಂಗೈಗೆ, ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಮಣೆಯಿಂದ ಕತ್ತರಿಸಿದ ದುಂಡನೆಯ ಬಿಲ್ಲೆ ಅಂಟಿಸಿದ್ದಳು. ಆ ಬಿಲ್ಲೆಯನ್ನು ರಸ್ತೆಗೆ ಊರಿ ಅರ್ಧ ಭಾರ ಅದರ ಮೇಲೆ ಹಾಕಿದರೆ ಕೈ ಜಾರುತ್ತದೆ, ಚರ್ಮ ಉಳಿಯುತ್ತದೆ.

ಹೇಳಲು ಸುಲಭ. ತನುಜಾ ಕುಳಿತುಕೊಳ್ಳುತ್ತಿದ್ದಳು, ಎಡಗೈ ಊರುತ್ತಿದ್ದಳು, ಬಲಗಾಲಿನಿಂದ ಬೋರ್ಡಿನ ಹಿಂಭಾಗವನ್ನು ಹೊರಗೆ ತಳ್ಳಲು ಶುರು ಮಾಡುತ್ತಿದ್ದಳು. ಗಾಲಿ ನೆಲ ಬಿಡುವ ಆ ಒಂದು ಗಳಿಗೆ ಬಂದ ಕೂಡಲೇ ಅವಳಿಗೇ ಗೊತ್ತಿಲ್ಲದಂತೆ ಮೈ ನೆಟ್ಟಗಾಗುತ್ತಿತ್ತು, ಕೈ ಮೇಲೇಳುತ್ತಿತ್ತು. ಗಾಲಿ ನೆಲ ಹಿಡಿದು ಅವಳನ್ನು ಎಸೆಯುತ್ತಿತ್ತು. ಒಮ್ಮೆ ಮೊಣಕಾಲು, ಒಮ್ಮೆ ಭುಜ, ಇವತ್ತು ಸೊಂಟ.

"ನಿನ್ನ ಕಣ್ಣು ಕೆಳಗ ನೋಡಲಿಕ್ಕತ್ತಾವ," ಎಂದಳು ಶ್ರೀವಿದ್ಯಾ, ಅವಳ ಪಕ್ಕದಲ್ಲೇ ರಸ್ತೆಯ ಮೇಲೆ ಕುಳಿತು. "ಎಲ್ಲಿ ಬೀಳ್ತೀನೋ ಅಂತ ಅದನ್ನ ನೋಡ್ತಿ. ಅಲ್ಲೇ ಹೋಗಿ ಬೀಳ್ತಿ. ತಲಿ ತಿರುಗಿಸಿ ಗುಡ್ಡದ ಕಡೆ ನೋಡು. ತಲಿ ಎತ್ತ ಹೋಗ್ತದೋ ಮೈ ಅತ್ತ."

"ನೋಡಬೇಕಂತೇನ್ರಿ. ಆದ್ರ ಮುಂದ ಏನೈತಿ ಅಂತ ನೋಡದನ ಹೆಂಗಿರೂದು?"

"ಅದ ಭಯ. ಅದಕ್ಕ ನನ್ನ ಹತ್ರ ಔಷಧ ಇಲ್ಲ."

ಆ ದಿನ ಮನೆಗೆ ಹೋಗುವಾಗ ತನುಜಾ ಓಣಿಯ ತುದಿಯವರೆಗೂ ಕುಂಟಿದಳು, ಮನೆ ಕಂಡಾಗ ನೆಟ್ಟಗೆ ನಡೆದಳು. ಆದರೆ ಸರೋಜವ್ವನ ಕಣ್ಣು ತಪ್ಪಿಸುವುದು ಸುಲಭವಿರಲಿಲ್ಲ.

"ಯಾಕ ಸೊಂಟಾ ಹಿಡಕೊಂಡಿ?"

"ಓಡಾಕಂತ ಹ್ವಾದಾಗ ಉಳುಕಿತವ್ವ."

ಸರೋಜವ್ವ ಮತ್ತೇನೂ ಕೇಳದೆ ಎಣ್ಣೆ ಬಿಸಿ ಮಾಡಿ, ಅರಿಷಿಣ ಕಲಸಿ ತಂದಳು. ಅಂಗಿ ಸರಿಸಿ ನೋಡಿದಾಗ ಅಂಗೈ ಅಗಲದ ಕಪ್ಪು ಗಾಯ. ಉಳುಕಿದ ಸೊಂಟ ಹಾಗೆ ಕಪ್ಪಾಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಎಣ್ಣೆ ಹಚ್ಚಿ ಅಂಗಿ ಇಳಿಸಿದಳು.

ಮಾರನೆಯ ದಿನ ಮಧ್ಯಾಹ್ನ ಹಾಲು ಕೊಡಲು ಬಂದ ಮಾಬೂಬಿ ಕಟ್ಟೆಯ ಮೇಲೆ ಕುಳಿತು ನೀರು ಕುಡಿದು, ಆಚೀಚೆ ನೋಡಿ ದನಿ ತಗ್ಗಿಸಿದಳು.

"ಸರೋಜವ್ವಾ, ಸಿಟ್ಟ ಆಗಬ್ಯಾಡ ಬೇ. ನಿಮ್ಮ ತನುಜಾ ಗುಡ್ಡದಾಗ ಓಡಾಕತ್ತಿಲ್ಲ. ಗಾಲಿ ಹಲಗಿ ಮ್ಯಾಲ ನಿಂತು ಇಳೀತಾಳ. ಬಿದ್ದದ್ದು ನಾನ ಕಣ್ಣಾರೆ ನೋಡೇನಿ. ಆಡು ಸೈತ ಅಂಜಿ ಓಡಿ ಹ್ವಾದುವು."

ಸರೋಜವ್ವ ಹಾಲಿನ ಪಾತ್ರೆಯನ್ನು ಕೆಳಗಿಟ್ಟಳು. "ಯಾರ ಮುಂದರ ಅಂದೀಯೇನು?"

"ಅಲ್ಲಾನ ಆಣಿ, ಇಲ್ಲ."

"ಅನಬ್ಯಾಡ. ಇವರ ಕಿವಿಗೆ ಬಿದ್ರ ಓಟಾನೂ ಬಂದ್, ಪೊಲೀಸೂ ಬಂದ್. ನಾಳೆ ನಸಿಕಿನ್ಯಾಗ ನಿನ್ನ ಜೋಡಿ ನಾ ಬರ್ತೇನಿ. ಖರೇನ ಏನಂತ ನೋಡೂಣು."

ಅದೇ ಸಂಜೆ ತನುಜಾಳ ಮೊಬೈಲಿಗೆ ಮೆಸೇಜ್ ಬಂತು. ದೇಹ ಪರೀಕ್ಷೆಯ ದಿನ ಗೊತ್ತಾಗಿತ್ತು, ಅವಳು ಅಂದುಕೊಂಡಿದ್ದಕ್ಕಿಂತ ಬೇಗ. ಅವಳು ಮೊದಲು ಅವ್ವನಿಗೆ ಹೇಳಿದಳು. ಸರೋಜವ್ವ, "ಛಲೋ ಆತು," ಎಂದಳು. ಮುಖ ಮಾತ್ರ ಅರಳಲಿಲ್ಲ. ತನುಜಾ ಆಮೇಲೆ ಶ್ರೀವಿದ್ಯಾಳಿಗೆ ಫೋನ್ ಮಾಡಿದಳು.

"ಹಂಗಾರ ನಾಳಿಗೆ ಕಡೀದು," ಎಂದಳು ಶ್ರೀವಿದ್ಯಾ. "ಪರೀಕ್ಷೆ ಮುಗಿಯೋ ತನಕ ಬೋರ್ಡಿನ ಸುದ್ದಿ ಬ್ಯಾಡ. ನಾಳೆನೂ ಎರಡನೇ ದೀಪದ ಕಂಬದಿಂದ ಮ್ಯಾಲ ಹೋಗೋ ಹಂಗಿಲ್ಲ."

ತನುಜಾಳಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಕಡೆಯ ದಿನವೂ ಬರದಿದ್ದರೆ ಈ ಹೆದರಿಕೆ ತನ್ನೊಳಗೆ ಗಟ್ಟಿಯಾಗಿ ಕುಳಿತುಬಿಡುತ್ತದೆ ಎನ್ನಿಸಿತು. ಶ್ರೀವಿದ್ಯಾ ಹಿಂದೊಮ್ಮೆ ಹೇಳಿದ ಇನ್ನೊಂದು ಮಾತು ತಲೆಯಲ್ಲಿ ಸುತ್ತುತ್ತಿತ್ತು. ತೀರ ನಿಧಾನ ಇದ್ದಾಗ ಗಾಲಿ ನೆಲ ಬಿಡುವುದು ಕಷ್ಟ, ತುಸು ವೇಗ ಇದ್ದರೆ ತಾನಾಗಿ ಜಾರುತ್ತದೆ. ಹಾಗಿದ್ದರೆ ತಪ್ಪು ತನ್ನದಲ್ಲ, ಎರಡನೇ ಕಂಬದ್ದು. ಇನ್ನಷ್ಟು ಮೇಲಿನಿಂದ ಬಂದರೆ ಬಂದೀತು.

ಮುಂಜಾನೆ ಗುಡ್ಡದ ಮೇಲೆ ತೆಳ್ಳಗೆ ಮಂಜಿತ್ತು. ಎಂದಿನ ಏರ್ಪಾಟಿನಂತೆ ಶ್ರೀವಿದ್ಯಾ ಕೆಳಗಿನ ತಿರುವಿನಲ್ಲಿ ಹಳದಿ ಟವೆಲ್ ಹಿಡಿದು ನಿಂತಳು. ಕೆಳಗಿನಿಂದ ವಾಹನ ಬಂದರೆ ಟವೆಲ್ ಬೀಸಬೇಕು, ಆಗ ಮೇಲಿದ್ದವರು ಹೊರಡಬಾರದು. ತನುಜಾ ಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಏರಿದಳು. ಎರಡನೇ ದೀಪದ ಕಂಬ ಬಂತು. ಅವಳು ನಿಲ್ಲಲಿಲ್ಲ.

"ಏ ತನುಜಾ! ಸಾಕು!" ಕೆಳಗಿನಿಂದ ಕೂಗು ಬಂತು.

ಕೇಳಿಸದವಳಂತೆ ಅವಳು ನಡೆದಳು. ಮೂರನೇ ಕಂಬ ದಾಟಿತು. ನಾಲ್ಕನೇ ಕಂಬವೂ ದಾಟಿತು. ಟ್ಯಾಂಕಿನ ಗೇಟಿನ ಮುಂದೆ ಬಂದು ಬೋರ್ಡನ್ನು ಕೆಳಗಿಟ್ಟಾಗ ತಿರುವಿನಲ್ಲಿದ್ದ ಶ್ರೀವಿದ್ಯಾ ಬೆರಳಷ್ಟು ಕಾಣುತ್ತಿದ್ದಳು. ಹಳದಿ ಟವೆಲ್ ಜೋರಾಗಿ ಆಡುತ್ತಿತ್ತು. ವಾಹನ ಬಂದಿಲ್ಲ, ತನ್ನನ್ನು ತಡೆಯಲು ಬೀಸುತ್ತಿದ್ದಾಳೆ ಎಂದು ತನುಜಾಳಿಗೆ ಗೊತ್ತಾಯಿತು. ಗವಸಿನ, ಮೊಣಕೈಯ ಪಟ್ಟಿ ಬಿಗಿದಳು, ಹೆಲ್ಮೆಟ್ಟಿನ ಗುಂಡಿ ಹಾಕಿದಳು, ಎಡಗಾಲು ಮುಂದಿಟ್ಟು ಹತ್ತಿ ನಿಂತಳು.

ಮೊದಲ ನಾಲ್ಕು ಮಾರು ಏನೂ ಅನ್ನಿಸಲಿಲ್ಲ. ನಾಲ್ಕನೇ ಕಂಬ ಪಕ್ಕದಲ್ಲಿ ಹಾದು ಹೋದಾಗ ಗಾಳಿ ಕಿವಿಯಲ್ಲಿ ಸದ್ದು ಮಾಡತೊಡಗಿತು. ಮೂರನೆಯದರ ಹತ್ತಿರ ಬಂದಾಗ ಅದು ಕಂಬವೆಂದು ಗುರುತಿಸುವಷ್ಟರಲ್ಲಿ ಹಿಂದೆ ಹೋಗಿತ್ತು. ಕಾಲಡಿಯ ಬೋರ್ಡಿನ ಮೂತಿ ಸಣ್ಣಗೆ ನಡುಗಲು ಶುರುವಾಯಿತು. ತನುಜಾಳಿಗೆ ಆಗಲೇ ತಾನು ಮಾಡಿದ್ದು ಏನೆಂದು ತಿಳಿದದ್ದು. ಇಷ್ಟು ವೇಗದಲ್ಲಿ ಅವಳು ಹಿಂದೆಂದೂ ಹೋಗಿರಲಿಲ್ಲ. ಹಾರಿ ಇಳಿದು ಓಡಲು ಸಾಧ್ಯವಿರಲಿಲ್ಲ. ಬಲಗಾಲನ್ನು ಮೆಲ್ಲಗೆ ಕೆಳಗೆ ಬಿಟ್ಟು ನೋಡಿದಳು. ಬೂಟಿನ ಅಟ್ಟೆ ಡಾಂಬರಿಗೆ ತಾಕಿದ್ದೇ ಕಾಲನ್ನು ಯಾರೋ ಕಿತ್ತುಕೊಂಡ ಹಾಗಾಯಿತು, ಬೋರ್ಡು ಓಲಾಡಿತು. ಥಟ್ಟನೆ ಕಾಲನ್ನು ಮೇಲಕ್ಕೆ ಎಳೆದುಕೊಂಡಳು.

ತಿರುವಿಗಿಂತ ಮೊದಲು ರಸ್ತೆ ಒಂದಿಷ್ಟು ನೆಟ್ಟಗಿದೆ. ಎಡಕ್ಕೆ ಆಳವಾದ ಗಟಾರ, ಬಲಕ್ಕೆ ಪ್ಲಾಟುಗಳಿಂದ ಇಳಿದು ಬರುವ ಆಡಿನ ದಾರಿ. ತನುಜಾ ಅಲ್ಲಿಯವರೆಗೆ ಹೋಗಿ, ಅಲ್ಲಿ ಜಾರಿ ನಿಲ್ಲಬೇಕೆಂದು ಮನಸ್ಸು ಗಟ್ಟಿ ಮಾಡುತ್ತಿದ್ದಾಗ ಆ ದಾರಿಯಿಂದ ಆಡುಗಳು ರಸ್ತೆಗೆ ಇಳಿದವು. ಅವುಗಳ ಹಿಂದೆ ಮಾಬೂಬಿ. ಮಾಬೂಬಿಯನ್ನು ಸರಿಸಿಕೊಂಡು ಇನ್ನೊಬ್ಬ ಹೆಂಗಸು ರಸ್ತೆಯ ನಡುವೆ ಬಂದು, ಎರಡೂ ಕೈ ಅಗಲಿಸಿ ನಿಂತಳು.

"ನಿಂದ್ರು! ಏ ತನುಜಾ, ನಿಂದ್ರು!"

ಅವ್ವ.

ತನುಜಾ ಎಡಕ್ಕೆ ವಾಲಿದಳು. ಅವ್ವನೂ ಅವಳನ್ನು ತಡೆಯಲು ಅದೇ ಕಡೆಗೆ ಸರಿದಳು. ಬಲಕ್ಕೆ ಆಡುಗಳು ರಸ್ತೆ ತುಂಬಿದ್ದವು. "ಸರಿ ಅವ್ವಾ!" ಎಂದು ಕೂಗಿದ್ದು ಗಾಳಿಯಲ್ಲಿ ಹಾರಿ ಹೋಯಿತು. ಸರೋಜವ್ವ ಅಲ್ಲಿಂದ ಮತ್ತೆ ಕದಲಲಿಲ್ಲ. ತನ್ನನ್ನು ಕಂಡ ಮೇಲೆ ಮಗಳು ನಿಂತೇ ನಿಲ್ಲುತ್ತಾಳೆಂದು ಅವಳು ನಂಬಿ ನಿಂತಿದ್ದಳು.

ಯೋಚಿಸಲು ಹೊತ್ತಿರಲಿಲ್ಲ. ತನುಜಾ ಬಲಕ್ಕೆ ತುಸು ವಾಲಿ, ಕುಸಿದು ಕುಳಿತಳು. ಎಡಗೈಯನ್ನು ಹಿಂದಕ್ಕೆ ಚಾಚಿ ರಸ್ತೆಗೆ ಊರಿದಳು. ಬಿಲ್ಲೆ ಡಾಂಬರಿಗೆ ತಗುಲಿ ಕರಕರ ಎಂದಿತು. ಮೈ ಎಂದಿನಂತೆ ಏಳಲು ನೋಡಿತು. ಎದ್ದರೆ ಅವ್ವ. ಅವಳು ಏಳಲಿಲ್ಲ. ತಲೆಯನ್ನು ತಿರುಗಿಸಿ ಅವ್ವನನ್ನು ನೋಡುವುದನ್ನು ಬಿಟ್ಟು ಮೇಲೆ ಟ್ಯಾಂಕಿನ ಕಡೆ ನೋಡಿದಳು, ಬಲಗಾಲಿನಿಂದ ಇದ್ದಬದ್ದ ಬಲವನ್ನೆಲ್ಲ ಹಾಕಿ ಬೋರ್ಡಿನ ಹಿಂಭಾಗವನ್ನು ತಳ್ಳಿದಳು.

ಗಾಲಿಗಳು ನೆಲ ಬಿಟ್ಟವು.

ಉರುಳುವ ಸದ್ದು ನಿಂತು ಸರ್ರನೆಯ ಸದ್ದು ಎದ್ದಿತು. ಬೋರ್ಡು ರಸ್ತೆಗೆ ಅಡ್ಡವಾಗಿ ಜಾರುತ್ತಿತ್ತು, ಅವಳ ಬೆನ್ನು ಡಾಂಬರಿಗೆ ಗೇಣು ಅಂತರದಲ್ಲಿ ಹಾರುತ್ತಿತ್ತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಬೋರ್ಡು ಇನ್ನೂ ತಿರುಗಿ ಅವಳ ಮುಖವನ್ನು ಗುಡ್ಡದ ಕಡೆಗೆ ಮಾಡಿತು. ಮೊಣಕೈ ಪಟ್ಟಿ ಜಾರಿ, ಮುಂಗೈ ನೆಲಕ್ಕೆ ಉಜ್ಜಿ ಬೆಂಕಿ ಹತ್ತಿದಂತಾಯಿತು. ಆದರೂ ಅವಳು ಕೈ ಎತ್ತಲಿಲ್ಲ. ಸದ್ದು ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ಆಮೇಲೆ ನಿಂತಿತು.

ತನುಜಾ ಅಂಗಾತ ಬಿದ್ದುಕೊಂಡಳು. ಬೋರ್ಡು ಕಾಲಡಿಯಲ್ಲೇ ಇತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಅವ್ವನ ಚಪ್ಪಲಿಗಳು ಕಂಡವು. ಅವು ಇದ್ದ ಜಾಗದಿಂದ ಒಂದು ಇಂಚೂ ಸರಿದಿರಲಿಲ್ಲ.

ಸರೋಜವ್ವ ಅಗಲಿಸಿದ ಕೈಗಳನ್ನು ಇನ್ನೂ ಇಳಿಸಿರಲಿಲ್ಲ.

"ನಿಂದ್ರು ಅಂತ ಒದರಿದೆ," ಎಂದಳು ಕೊನೆಗೆ. "ಅಲ್ಲೇ ಯಾಕ ನಿಂದರಲಿಲ್ಲ?"

"ನಿಂದ್ರಾಕ ಬರತಿದ್ದಿಲ್ಲವ್ವ."

"ಬರತಿದ್ದಿಲ್ಲ ಅಂದ್ರ?"

"ಇಷ್ಟ ಜೋರಿನ್ಯಾಗ ಇವತ್ತಿನ ತನಕ ಒಮ್ಮೆನೂ ಬಂದಿದ್ದಿಲ್ಲ. ಈಗ ಮೊದಲ ಸಲ ಬಂತು."

ಸರೋಜವ್ವ ಮಗಳನ್ನು ನೋಡಿದಳು. ಮೇಲೆ ಟ್ಯಾಂಕಿನ ಗೇಟಿನವರೆಗೆ ಹೋದ ರಸ್ತೆಯನ್ನು ನೋಡಿದಳು. ಡಾಂಬರಿನ ಮೇಲೆ ಅವಳ ಕಾಲಿನ ಕಡೆಗೇ ಬಂದು ನಿಂತಿದ್ದ ಬಿಳಿ ಗೆರೆಗಳನ್ನು ನೋಡಿದಳು. ರಸ್ತೆಯ ಬದಿಯ ಗಡಿಕಲ್ಲಿನ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡಳು.

"ನೀ ನಿಂದರ್ತಿ ಅಂತ ನಾ ಅಡ್ಡ ನಿಂತೆ," ಎಂದಳು, ಯಾರಿಗೋ ಹೇಳುವವಳಂತೆ. "ನಿಂದ್ರಾಕ ಬರದವ್ರು ಯಾರರ ಅಷ್ಟ ಮ್ಯಾಲಿಂದ ಇಳೀತಾರಂತ ನನಗೇನ ಗೊತ್ತು?"

ಅಷ್ಟರಲ್ಲಿ ಶ್ರೀವಿದ್ಯಾ ಏದುಸಿರು ಬಿಡುತ್ತ ಬಂದಳು. ಸರೋಜವ್ವನ ಕಣ್ಣು ಅವಳ ಮೇಲೆ ನಿಂತಿತು.

"ನೀವು ಬಸ್‌ಸ್ಟ್ಯಾಂಡ್ ಹತ್ರ ಇರೂ ಹಲ್ಲಿನ ಡಾಕ್ಟರ್ ಅಲ್ರೀ? ನಮ್ಮತ್ತಿ ಹಲ್ಲು ಕಿತ್ತವ್ರು?"

"ಹೌದ್ರಿ."

"ಹಲ್ಲು ಕೀಳೂದು ಬಿಟ್ಟು ಮಂದಿ ಮಕ್ಕಳ ಕಾಲು ಮುರಿಯೂದು ಯಾವಾಗಿಂದ ಶುರು ಮಾಡೀರಿ?"

ಶ್ರೀವಿದ್ಯಾ ಟವೆಲನ್ನು ಮಡಿಸುತ್ತ ತಲೆ ತಗ್ಗಿಸಿದಳು. "ತಪ್ಪು ನಂದದರಿ ಅವ್ವಾರ. ಮೊದಲ ನಿಮಗ ಹೇಳಿ ಕಲಸಬೇಕಾಗಿತ್ತು."

"ಅಕ್ಕಾರದೇನೂ ತಪ್ಪಿಲ್ಲವ್ವ," ತನುಜಾ ಎದ್ದು ಕುಳಿತಳು. "ಎರಡನೇ ಕಂಬದಿಂದ ಮ್ಯಾಲ ಹೋಗಬ್ಯಾಡ ಅಂತ ನಿನ್ನೆನ ಹೇಳಿದ್ರು. ಇವತ್ತೂ ಕೂಗಿದ್ರು. ಕೇಳಿಸಿದ್ರೂ ನಾನ ಹ್ವಾದೆ."

ಸರೋಜವ್ವ ಕಲ್ಲಿನಿಂದ ಎದ್ದು ಬಂದು ಮಗಳ ಕೆನ್ನೆಗೆ ಒಂದು ಬಿಗಿದಳು. ಹೆಲ್ಮೆಟ್ಟಿನ ಪಟ್ಟಿ ಅಡ್ಡ ಬಂದು ಏಟು ಅವಳ ಬೆರಳಿಗೇ ಹೆಚ್ಚು ತಾಗಿತು. ಕೈ ಒದರಿಕೊಂಡು, ಆಮೇಲೆ ಅದೇ ಕೈಯಿಂದ ಮಗಳ ಎಡಗೈಯನ್ನು ಎತ್ತಿ ನೋಡಿದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಸುಲಿದು ರಕ್ತ ಜಿನುಗುತ್ತಿತ್ತು, ಒಳಗೆ ಕರಿ ಹರಳು ಹೊಕ್ಕಿದ್ದವು.

"ಕಾಲು?" ಎಂದು ಕೇಳಿದಳು.

"ಕಾಲು ಛಲೋ ಅದಾವವ್ವ."

"ನಡಿ. ಓಡಿ ತೋರಸು."

ತನುಜಾ ಎದ್ದು, ಆಡುಗಳ ನಡುವೆ ಮೂರನೇ ಕಂಬದವರೆಗೆ ಓಡಿ ಹೋಗಿ ತಿರುಗಿ ಬಂದಳು. ಸರೋಜವ್ವ ಅವಳ ಪ್ರತಿ ಹೆಜ್ಜೆಯನ್ನೂ ನೋಡಿದಳು. ನೋಡಿದ ಮೇಲೆಯೇ ಅವಳಿಗೆ ಅಳು ಬಂದದ್ದು.

ಶ್ರೀವಿದ್ಯಾ ತಿರುವಿನಲ್ಲಿ ನಿಲ್ಲಿಸಿದ್ದ ತನ್ನ ಸ್ಕೂಟರಿನ ಡಿಕ್ಕಿಯಿಂದ ಔಷಧ ತಂದು, ಚಿಮುಟದಿಂದ ಹರಳುಗಳನ್ನು ಒಂದೊಂದಾಗಿ ಆರಿಸಿ ಗಾಯ ತೊಳೆದಳು. ತನುಜಾ ಹಲ್ಲು ಕಚ್ಚಿ ಕುಳಿತಳು. ಸರೋಜವ್ವ ಇನ್ನೊಂದು ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಬೋರ್ಡನ್ನು ಯಾರೂ ಮುಟ್ಟಲಿಲ್ಲ.

ಮನೆಗೆ ಬಂದಾಗ ಶಂಕ್ರಪ್ಪ ಯಾರ್ಡಿಗೆ ಹೊರಡಲು ಅಂಗಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದ. ಮಗಳ ಕೈಯ ಬಿಳಿ ಬ್ಯಾಂಡೇಜ್ ಕಂಡು ಕಪ್ಪನ್ನು ಕೆಳಗಿಟ್ಟ.

"ಏನಾತು?"

"ಓಡುವಾಗ ಎಡವಿ..." ಎಂದು ಸರೋಜವ್ವ ಶುರು ಮಾಡಿದಳು.

"ಇಲ್ಲಪ್ಪ," ಎಂದಳು ತನುಜಾ. ಬಾಗಿಲ ಚೌಕಟ್ಟನ್ನು ಹಿಡಿದು ನಿಂತೇ ಎಲ್ಲವನ್ನೂ ಹೇಳಿದಳು. ಗಾಲಿ ಹಲಗೆ, ಎರಡನೇ ಕಂಬ, ಟ್ಯಾಂಕಿನ ಗೇಟು, ಅವ್ವ ಅಡ್ಡ ನಿಂತದ್ದು. ಅವ್ವ ಎಷ್ಟು ಹತ್ತಿರ ಇದ್ದಳೆಂದು ಕೈಯಿಂದ ಅಳತೆ ತೋರಿಸಿದಳು.

ಹೊರಗೆ ಯಾರೋ ಸಾಹುಕಾರ್ರ ಎಂದು ಕರೆದರು, ಶಂಕ್ರಪ್ಪ ಓಗೊಡಲಿಲ್ಲ. ಹೆಂಡತಿಯ ಕಡೆ ತಿರುಗಿದ.

"ಜವಾಬ್ದಾರಿ ನಂದು ಅಂದಿದ್ದಿ."

"ಅಂದಿದ್ದೆ," ಎಂದಳು ಸರೋಜವ್ವ. "ಈಗೂ ನಂದ. ಅಕಿ ಓಟಾ ಮಾತ್ರ ತಪ್ಪಸಬ್ಯಾಡ್ರಿ. ಕಾಲಿಗೆ ಏನೂ ಆಗಿಲ್ಲ, ನಾ ಓಡಿಸಿ ನೋಡೇನಿ."

ಅವನು ಮಗಳನ್ನು ನೋಡಿದ. "ಕಡೀಕ ನಿಂತೀಯೇನು?"

"ನಿಂತ್ನಿ."

"ಹೆಂಗ ನಿಂತಿ?"

ತನುಜಾ ಯೋಚಿಸಿದಳು. ನೆನಪಿಗೆ ಬಂದದ್ದು ಅವ್ವನ ಚಾಚಿದ ಕೈಗಳು ಮಾತ್ರ. "ಗೊತ್ತಿಲ್ಲಪ್ಪ."

"ಗೊತ್ತಿಲ್ದಂಗ ಒಮ್ಮೆ ಬಂದ್ರ ಅದು ಬಂದಂಗಲ್ಲ," ಎಂದ ಶಂಕ್ರಪ್ಪ. ತಣ್ಣಗಾದ ಚಹಾವನ್ನು ಅಲ್ಲೇ ಬಿಟ್ಟು ಎದ್ದು ಹೋದ. ಗಾಲಿ ಹಲಗೆ ಬೇಡವೆಂದನೋ ಬೇಕೆಂದನೋ ತಾಯಿ ಮಗಳಿಬ್ಬರಿಗೂ ತಿಳಿಯಲಿಲ್ಲ. ಓಟ ನಿಲ್ಲಿಸು ಎಂದಂತೂ ಅನ್ನಲಿಲ್ಲ.

ಹಾವೇರಿಗೆ ಅವ್ವನೇ ಜೊತೆಗೆ ಬಂದಳು. ಗಾಯ ಆಗಲೇ ಕಪ್ಪು ಹಕ್ಕಳೆಯಾಗಿತ್ತು. ತನುಜಾ ಓಟದಲ್ಲಿ ಪಾಸಾದಳು, ಗುಂಡು ಎಸೆತದಲ್ಲೂ ಪಾಸಾದಳು. ಮೈದಾನದ ಗೇಟಿನ ಹೊರಗೆ ಬಿಸಿಲಿನಲ್ಲಿ ನಿಂತಿದ್ದ ಸರೋಜವ್ವ, ಸುದ್ದಿ ಕೇಳಿದ ಮೇಲೆ ಬಸ್ಸಿನಲ್ಲಿ ಶಿಗ್ಗಾಂವ ಬರುವವರೆಗೂ ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡಿದಳು.

ಆಯ್ಕೆಯ ಆದೇಶ ಬರಲು ಇನ್ನೂ ಸಮಯವಿತ್ತು. ಒಂದು ಭಾನುವಾರ ತನುಜಾ ಅವ್ವನನ್ನು ಕೇಳಿ, ಅಪ್ಪನಿಗೂ ತಿಳಿಸಿಯೇ ಗುಡ್ಡಕ್ಕೆ ಹೋದಳು. ಕೇಳುವುದಕ್ಕೆ ಅವಳಿಗೆ ವಾರ ಹಿಡಿದಿತ್ತು. ಸರೋಜವ್ವ ಹಿಟ್ಟು ನಾದುತ್ತ, "ಎರಡನೇ ಕಂಬ," ಎಂದಷ್ಟೇ ಅಂದಳು.

ಒಮ್ಮೆ ಬಂದದ್ದು ಇನ್ನು ಸುಲಭವಾಗಿ ಬರುತ್ತದೆಂದು ತನುಜಾ ಅಂದುಕೊಂಡಿದ್ದಳು. ಬರಲಿಲ್ಲ. ಹೆದರಿಕೆ ಮೊದಲಿಗಿಂತ ದೊಡ್ಡದಾಗಿತ್ತು. ಬೋರ್ಡಿನ ಮೇಲೆ ಕುಳಿತು ಕೈ ಊರುವಷ್ಟರಲ್ಲಿ ಖಾಲಿ ರಸ್ತೆಯಲ್ಲಿ ಅವಳಿಗೆ ಆ ಚಪ್ಪಲಿಗಳು ಕಾಣುತ್ತಿದ್ದವು. ಕಾಲು ಕೆಳಗೆ ಬಿಟ್ಟು ಉಜ್ಜಿ ನಿಂತುಬಿಡುತ್ತಿದ್ದಳು.

"ಅವತ್ತ ಹೆಂಗ ಮಾಡಿದಿ?" ಎಂದು ಕೇಳಿದಳು ಶ್ರೀವಿದ್ಯಾ.

"ನಾ ಮಾಡಲಿಲ್ರಿ ಅಕ್ಕಾರ. ಅವ್ವ ಕಂಡ್ಲು, ಆತು."

"ಹಂಗಾರ ಈಗ ಅವ್ವ ಇಲ್ಲದ ಕಲಿ."

ಅವಳು ಮೊದಲಿನಿಂದ ಶುರು ಮಾಡಿದಳು. ಒಂದನೇ ಕಂಬಕ್ಕಿಂತಲೂ ಕೆಳಗಿನಿಂದ ಇಳಿದಳು. ಮೊದಲು ನಿಂತಲ್ಲೇ ಕೈ ಊರಿ ಭಾರ ಹಾಕುವುದನ್ನು, ಆಮೇಲೆ ಉರುಳುತ್ತ ಬರೀ ಕೈಯನ್ನು ಜಾರಿಸುವುದನ್ನು, ಆಮೇಲೆ ಬೋರ್ಡನ್ನು ಅಂಗುಲ ಅಂಗುಲವೇ ತಳ್ಳುವುದನ್ನು ಕಲಿತಳು. ಬಿದ್ದಳು, ಆದರೆ ಸಣ್ಣ ಸಣ್ಣ ಬೀಳುಗಳು. ಎರಡು ಭಾನುವಾರ ಹಾಗೇ ಕಳೆದವು. ಮೂರನೆಯ ಭಾನುವಾರ ಶ್ರೀವಿದ್ಯಾ ಸವಣೂರಿನ ಖಾರಾ ತಂದಿದ್ದಳು. ತಿಂದು, ಕೈ ಒರೆಸಿಕೊಂಡು ತನುಜಾ ಎರಡನೇ ಕಂಬಕ್ಕೆ ಹತ್ತಿದಳು.

ಇಳಿಯುವಾಗ ಹೆದರಿಕೆ ಬಂತು. ಅದು ಬರುವುದನ್ನು ಈ ಸಲ ಅವಳು ತಿಳಿದೇ ನೋಡಿದಳು. ಬರಲಿ ಎಂದು ಬಿಟ್ಟಳು. ಕುಳಿತಳು, ಎಡಗೈ ಊರಿದಳು, ಭಾರ ಹಾಕಿದಳು. ತಲೆಯನ್ನು ಗುಡ್ಡದ ಕಡೆ ತಿರುಗಿಸಿದಳು. ಬಲಗಾಲಿನಿಂದ ತಳ್ಳಿದಳು, ಅವಸರವಿಲ್ಲದೆ, ಕೊನೆಯವರೆಗೆ. ಗಾಲಿ ನೆಲ ಬಿಟ್ಟ ಗಳಿಗೆ ಅವಳಿಗೆ ಸ್ಪಷ್ಟವಾಗಿ ತಿಳಿಯಿತು. ಬೋರ್ಡು ಸರ್ರೆಂದು ಎರಡು ಮಾರು ಜಾರಿ ನಿಂತಿತು. ಅವಳು ಅದರ ಮೇಲೆಯೇ ಕುಳಿತಿದ್ದಳು.

ಶ್ರೀವಿದ್ಯಾ ತಿರುವಿನಿಂದ ಏನೋ ಕೂಗಿದಳು. ಹೊಗಳುತ್ತಿದ್ದಾಳೆಂದು ತನುಜಾ ಕೈ ಬೀಸಿದಳು. ಆಮೇಲೆ ಮಾತು ಕೇಳಿಸಿತು.

"ಟ್ರ್ಯಾಕ್ಟರ್ ಬರಲಿಕ್ಕತ್ತದ! ಬದಿಗೆ ಸರಿ!"

ತನುಜಾ ಎದ್ದು, ಬಿಸಿಯಾದ ಗಾಲಿಗಳನ್ನು ಒಂದು ಕೈಯಿಂದ ಹಿಡಿದು ಬೋರ್ಡನ್ನು ಎತ್ತಿಕೊಂಡಳು. ಬದಿಯ ಗಡಿಕಲ್ಲಿಗೆ ಬೆನ್ನು ಕೊಟ್ಟು ನಿಂತು ಟ್ರ್ಯಾಕ್ಟರಿಗೆ ದಾರಿ ಬಿಟ್ಟಳು. ಗೋವಿನಜೋಳದ ಚೀಲ ಹೇರಿದ ಅದು ಧೂಳೆಬ್ಬಿಸಿ ದಾಟಿ ಹೋಯಿತು. ಅದು ಹೋದ ಮೇಲೆ ಅವಳು ಮತ್ತೆ ಎರಡನೇ ಕಂಬದ ಕಡೆಗೆ ಹತ್ತತೊಡಗಿದಳು.